ಚೀನಾದ ಸಾಧಾರಣ ಊರುಗಳಿಗೆ ಹೋಗೋದು ದುಡ್ಡು ದಂಡನಾ?

ಬೀಜಿಂಗ್, ಶಾಂಘೈ ಬಿಟ್ಟು ಹೆಸರೇ ಕೇಳದ ಊರುಗಳಿಗೆ ಹೋದರೆ ನೋಡೋಕೆ ಏನಿರುತ್ತೆ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಚೀನಾದಲ್ಲಿ ತುಂಬಾ ಇಷ್ಟವಾಗಿದ್ದು ಅವೇ. ವಾಯವ್ಯ ಚೀನಾದ ಗಾನ್ಸು ಪ್ರಾಂತ್ಯಕ್ಕೆ ಹೋಗಿ. ಅಲ್ಲಿನ ತಿಯಾನ್‌ಶುಯಿಯಿಂದ ಲಾನ್‌ಝೌವರೆಗೆ ನಿಧಾನದ ರೈಲು ಹಿಡಿಯಿರಿ.

ಬುಲೆಟ್ ರೈಲು ಬೇಡ. 2017ರಲ್ಲಿ ಶುರುವಾದ ಆ ಲೈನ್ ಬೆಟ್ಟ ಕೊರೆದುಕೊಂಡೇ ಹೋಗುತ್ತದೆ, ಜಾಸ್ತಿ ಹೊತ್ತು ಕಿಟಕಿಯಾಚೆ ಸುರಂಗದ ಕತ್ತಲೆ. ಹಳೆಯ ಲೈನ್ ಬಹಳ ದೂರ ವೇಯಿ ನದಿಯ ಪಕ್ಕದಲ್ಲೇ ಸಾಗುತ್ತದೆ. ಹಳದಿ ಮಣ್ಣಿನ ಗುಡ್ಡಗಳು, ಬುಡದಿಂದ ನೆತ್ತಿವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೊಲ, ಕೊಯ್ಲಿನ ಕಾಲವಾದರೆ ಅಂಗಳದಲ್ಲಿ ಒಣಗಲು ಹರವಿದ ಮುಸುಕಿನ ಜೋಳ, ಇದನ್ನೆಲ್ಲ ನೋಡ್ತಾ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಹಾರ್ಡ್ ಸೀಟ್ ಅನ್ನೋ ಅಗ್ಗದ ದರ್ಜೆಯ ಬೋಗಿಯನ್ನೇ ತಗೊಳ್ಳಿ. ಬೋಗಿಯಲ್ಲೇ ಕುದಿಯುವ ನೀರು ಸಿಗುತ್ತದೆ, ಜನ ಟೀ ಸೊಪ್ಪಿನ ಬಾಟಲಿ ಹಿಡಿದು ಓಡಾಡ್ತಾ ಇರ್ತಾರೆ. ಎದುರಿನ ಅಜ್ಜಿ ಸೂರ್ಯಕಾಂತಿ ಬೀಜ ಕೈಗೆ ಸುರಿದು ನಮ್ಮ ಊರು, ಮಕ್ಕಳು ಎಲ್ಲ ವಿಚಾರಿಸಿದರು, ಮಾತಾಡಿದ್ದೆಲ್ಲ ಮೊಬೈಲ್ ಅನುವಾದದಲ್ಲೇ!

ನಡುವೆ ದಿಂಗ್‌ಶಿಯಲ್ಲಿ ಇಳಿಯಿರಿ. ಆಲೂಗಡ್ಡೆಗೆ ಹೆಸರಾದ ಊರು. ಪ್ರವಾಸಿಗರಿಗೆ ಅಂತ ಏನೂ ಮಾಡಿಟ್ಟಿಲ್ಲ, ಅದಕ್ಕೇ ಹೋಗಬೇಕು. ಸಂಜೆ ಮೈದಾನದಲ್ಲಿ ಹೆಂಗಸರು ಸ್ಪೀಕರ್ ಹಾಕಿಕೊಂಡು ಸಾಲಾಗಿ ಕುಣಿಯುತ್ತಾರೆ, ಪಕ್ಕದಲ್ಲಿ ಮುದುಕರ ಚೆಸ್, ಸುತ್ತ ನಿಂತವರೆಲ್ಲ ನಡೆ ಹೇಳಿಕೊಡುವವರೇ.

ಲಾನ್‌ಝೌ ಕಾರ್ಖಾನೆಗಳ ಊರು, ಚೆಂದ ಅಂತ ಹೇಳಲಾರೆ. ಆದರೆ ಹಳದಿ ನದಿ ಊರಿನ ಮಧ್ಯದಲ್ಲೇ ಹರಿಯುತ್ತದೆ, 1909ರ ಕಬ್ಬಿಣದ ಸೇತುವೆ ಮೇಲೆ ನಡೆದು ದಾಟಬಹುದು. ಬೆಳಗ್ಗೆಯೇ ಅಲ್ಲಿ ಕೈಯಲ್ಲಿ ಎಳೆದು ಮಾಡುವ ನೂಡಲ್ಸ್ ಅಂಗಡಿಗಳು ತುಂಬಿರುತ್ತವೆ. ಅದರ ಸಾರು ದನದ ಮಾಂಸದ್ದು, ಸಸ್ಯಾಹಾರಿಗಳು ನೆನಪಿಡಿ. ವಿನೆಗರ್ ಹಾಕಿ ಹುರಿದ ಆಲೂಗಡ್ಡೆ ಎಳೆ ಮತ್ತು ಅನ್ನ ಎಲ್ಲೆಡೆ ಸಿಗುತ್ತದೆ, ಮೊಟ್ಟೆ ತಿಂತೀರಾದರೆ ಟೊಮೆಟೊ ಮೊಟ್ಟೆ ಪಲ್ಯ. ಮಾಂಸ, ಮೂಳೆ ಸಾರು, ಮಾಂಸದ ಕೊಬ್ಬು ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ಮೊಬೈಲ್‌ನಲ್ಲಿ ದುಡ್ಡು ಕೊಡುವ ಆಪ್ ಅಲಿಪೇಯನ್ನು ಇಲ್ಲಿಂದಲೇ ಸೆಟ್ ಮಾಡಿಕೊಂಡು ಹೋಗಿ. ಸಣ್ಣ ಊರಲ್ಲಿ ವಿದೇಶಿಯರನ್ನು ಉಳಿಸಿಕೊಳ್ತಾರಾ ಅಂತ ಹೋಟೆಲಿಗೆ ಮೊದಲೇ ಕೇಳಿ. ಸೆಪ್ಟೆಂಬರ್ ಒಳ್ಳೆ ಸಮಯ. ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ, ಇಡೀ ದೇಶಕ್ಕೆ ರಜೆ, ರೈಲು ಟಿಕೆಟ್ ಸಿಗೋದೇ ಕಷ್ಟ.