ಡಿಸ್ಕ್ ಕೈ ಬದಲಾದ ಆ ಪುಟ್ಟ ವೀಡಿಯೊ

ಪ್ರಶ್ನೆ: ಪಿಎಸ್2 (ಪ್ಲೇಸ್ಟೇಷನ್ 2) ಕಾಲದಿಂದ ಸೋನಿ ಬಿಟ್ಟು ಬೇರೆ ಕನ್ಸೋಲ್, ಅಂದರೆ ವೀಡಿಯೊ ಗೇಮ್ ಯಂತ್ರ, ಮುಟ್ಟಿದವನಲ್ಲ. ಈಗ ಯಾಕೋ ಮನಸ್ಸು ಮುರಿದಿದೆ. ಬೆಲೆ ಏರಿಸುತ್ತಾರೆ, ಕೊಟ್ಟಿದ್ದನ್ನು ಕಿತ್ತುಕೊಳ್ಳುತ್ತಾರೆ. ‘ಸುಮ್ನೆ ಆಟ ಆಡೋ’ ಅಂತಾನೆ ತಮ್ಮ. ನಾನು ಅತಿ ಮಾಡ್ತಿದ್ದೀನಾ?
– ಓದುಗರೊಬ್ಬರು, ಮೈಸೂರು

ಉತ್ತರ: ಅತಿ ಏನಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಸಿಟ್ಟು ಕಲಸಿಕೊಂಡಿವೆ.

ಬೆಲೆಯ ಸಿಟ್ಟನ್ನು ಬೇಗ ಮುಗಿಸುತ್ತೇನೆ. 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಇಲ್ಲಿಗೆ ಬಂದ ಪಿಎಸ್5, ಮರುವರ್ಷದ ಕೊನೆಗೆ 54,990 ಆಯಿತು. ಹಳೆಯದಾಗುತ್ತಾ ಅಗ್ಗವಾಗಬೇಕಿದ್ದ ಯಂತ್ರ ತುಟ್ಟಿಯಾಯಿತು. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಬೆಲೆ ಕಣ್ಣಿಗೆ ಕಾಣುತ್ತದೆ. ಬೇಡ ಅಂದರೆ ಅಂಗಡಿಯಿಂದ ಎದ್ದು ಬರಬಹುದು.

ಕೊಂಡ ಮೇಲೆ ಕಿತ್ತುಕೊಳ್ಳುವುದು ಬೇರೆಯೇ ಮಾತು. 2006ರಲ್ಲಿ ಪಿಎಸ್3 ಬಂದಾಗ ಅದನ್ನು ಕಂಪ್ಯೂಟರಿನಂತೆ ಬಳಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಳ್ಳಲು ಸೋನಿಯೇ ದಾರಿ ಬಿಟ್ಟಿತ್ತು. ಅಮೆರಿಕದ ವಾಯುಪಡೆ 1,760 ಪಿಎಸ್3ಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರ್ ಮಾಡಿಕೊಂಡಿತ್ತು ಅಂದರೆ ನೋಡಿ. 2010ರ ಏಪ್ರಿಲ್ 1ರಂದು ಬಂದ ಅಪ್‌ಡೇಟ್ ಆ ದಾರಿ ಮುಚ್ಚಿತು. (ತಾರೀಖು ನೋಡಿ ತಮಾಷೆ ಅಂದುಕೊಂಡವರೂ ಇದ್ದಿರಬಹುದು.) ಅಪ್‌ಡೇಟ್ ಬೇಡ ಅಂದವರಿಗೆ ಲಿನಕ್ಸ್ ಉಳಿಯಿತು, ಆನ್‌ಲೈನ್ ಆಟ ಹೋಯಿತು. ಭದ್ರತೆಗಾಗಿ ಹೀಗೆ ಮಾಡಿದೆವು ಅಂತು ಕಂಪನಿ. ಜನ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಸಿಕ್ಕಿದ್ದು ತಲೆಗೆ ಹೆಚ್ಚೆಂದರೆ 65 ಡಾಲರ್, ಅದೂ ಅಮೆರಿಕದವರಿಗೆ. ಲಿನಕ್ಸ್ ಮಾತ್ರ ವಾಪಸ್ ಬರಲಿಲ್ಲ.

ಈಗ 2021ಕ್ಕೆ ಬನ್ನಿ. ಪಿಎಸ್3 ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾದ ಆನ್‌ಲೈನ್ ಅಂಗಡಿ ಮುಚ್ಚುತ್ತೇವೆ ಅಂತ ಸೋನಿ ಹೇಳಿತು. ಗಲಾಟೆ ಜೋರಾಯಿತು. ಮೂರು ವಾರ ಕಳೆಯೋ ಹೊತ್ತಿಗೆ, ನಮ್ಮ ನಿರ್ಧಾರ ತಪ್ಪು ಅಂತ ಒಪ್ಪಿಕೊಂಡಿತು. 2023ರ ಡಿಸೆಂಬರಿನಲ್ಲಿ ಇನ್ನೊಂದು: ಜನ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ಅಳಿಸುತ್ತೇವೆ ಅಂತು. ಮತ್ತೆ ಗಲಾಟೆ, ಮತ್ತೆ ಹಿಂದೆ ಸರಿಯಿತು. ಆದರೆ ಕೊಟ್ಟ ಮಾತು ‘ಕನಿಷ್ಠ 30 ತಿಂಗಳು’ ಅಷ್ಟೇ. ಕೊಂಡ ಮಾಲಿಗೆ ವಾಯಿದೆ!

ಯಾವುದು ಉಳಿಯಿತು, ಯಾವುದು ಹೋಯಿತು ಅನ್ನೋದನ್ನು ಗಮನಿಸಿದಿರಾ? ಲಿನಕ್ಸಿನವರು ಕೈಬೆರಳೆಣಿಕೆಯ ಜನ, ಅವರ ಕೂಗು ಸೋನಿಗೆ ಕೇಳಲಿಲ್ಲ. ಅಂಗಡಿ, ಡಿಸ್ಕವರಿ ವಿಚಾರದಲ್ಲಿ ಕೂಗು ದೊಡ್ಡದಿತ್ತು. ಕೊಂಡವರ ಹಕ್ಕು ಎರಡು ಕಡೆಯೂ ಒಂದೇ ಆಗಿತ್ತು. ಸೋನಿ ಅಳೆದದ್ದು ಗಂಟಲಿನ ಸದ್ದನ್ನು. ನನಗೆ ಬೇಸರ ತಂದದ್ದು ಇದು.

2013ರಲ್ಲಿ, ಅಮೆರಿಕದ ಇ3 ಎಂಬ ವೀಡಿಯೊ ಗೇಮ್ ಮೇಳದ ಹೊತ್ತಿಗೆ, ಇದೇ ಕಂಪನಿ ಒಂದು ವೀಡಿಯೊ ಬಿಟ್ಟಿತ್ತು. ಅರ್ಧ ನಿಮಿಷವೂ ಇಲ್ಲ. ಪಿಎಸ್4 ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ ಅಂತ ಪಾಠ. ಒಬ್ಬ ಡಿಸ್ಕಿನ ಡಬ್ಬಿ ಚಾಚುತ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಹೇಳಿ ತಗೋತಾನೆ, ಮುಗಿಯಿತು. ಒಬ್ಬರು ಆಡಿದ ಡಿಸ್ಕು ಇನ್ನೊಬ್ಬರ ಕೈಗೆ ಹೋಗೋದಕ್ಕೆ ಕಟ್ಟುಪಾಡು ಹಾಕಲು ಹೊರಟಿದ್ದ, ಎಕ್ಸ್‌ಬಾಕ್ಸ್ ಕನ್ಸೋಲಿನ ಮೈಕ್ರೋಸಾಫ್ಟಿನ ಕಾಲೆಳೆದದ್ದು ಅದು. ನಾನೂ ಬಿದ್ದು ಬಿದ್ದು ನಕ್ಕಿದ್ದೆ. ಅದೇ ಮೇಳದಲ್ಲಿ, ಪಿಎಸ್4ರಲ್ಲಿ ಆನ್‌ಲೈನ್ ಆಡಲು ಇನ್ನು ಮೇಲೆ ಚಂದಾ ಕಟ್ಟಬೇಕು ಅನ್ನೋ ಸುದ್ದಿಯೂ ಹೊರಬಿದ್ದಿತ್ತು. ಪಿಎಸ್3ರಲ್ಲಿ ಅದು ಬಿಟ್ಟಿ. ನಗುವಿನ ಮಧ್ಯೆ ನಾವು ಅದರ ಕಡೆ ತಿರುಗಿಯೂ ನೋಡಲಿಲ್ಲ. 2024ರಲ್ಲಿ ಪಿಎಸ್5 ಪ್ರೊ ಬಂದಾಗ ಅದಕ್ಕೆ 700 ಡಾಲರ್ ಇತ್ತು, ಡಿಸ್ಕ್ ಡ್ರೈವೇ ಇಲ್ಲ. ಬೇಕಾದರೆ ಬೇರೆಯಾಗಿ ಕೊಳ್ಳಿ. ಕೊಂಡರೂ ಒಮ್ಮೆ ಇಂಟರ್ನೆಟ್ಟಿಗೆ ಜೋಡಿಸಿ ನೋಂದಾಯಿಸದೆ ಅದು ಕೆಲಸ ಮಾಡಲ್ಲ.

ಹಾಗಂತ ನಾವೇನು ಸಾಚಾಗಳಾ? ಕಾಪಿ ಮಾಡಿದ ಆಟ ಓಡಲಿ ಅಂತ ಚಿಪ್ ಹಾಕಿಸಿದ ಪಿಎಸ್2, ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತಿದ್ದ ಕಾಪಿ ಡಿಸ್ಕು ನಿಮಗೂ ನೆನಪಿರಬೇಕು. ಆದರೆ ಈ ಏಟು ಬೀಳುತ್ತಿರುವುದು ದುಡ್ಡು ಕೊಟ್ಟು ಕೊಂಡವರಿಗೆ, ಅಲ್ವಾ?

ಕನ್ಸೋಲ್ ಮಾರಿಬಿಡಿ ಅಂತ ನಾನು ಹೇಳಲ್ಲ. ಮುಂದಿನದನ್ನು ಕೊಳ್ಳುವಾಗ ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ಕೇಳಿ. ಆನ್‌ಲೈನ್ ಆಡೋದು ಕಮ್ಮಿಯಾಗಿದ್ದರೆ ಚಂದಾ ತಾನಾಗಿ ಮುಂದುವರಿಯದಂತೆ ಇವತ್ತೇ ಆಫ್ ಮಾಡಿ. ಆಡಿ ಮುಗಿಸಿದ ಡಿಸ್ಕನ್ನು ತಮ್ಮನ ಕೈಗೆ ಕೊಡಿ, ವೀಡಿಯೊದಲ್ಲಿ ತೋರಿಸಿದ ಹಾಗೇ.

– ಸಂಪಾದಕ