ಹಳೆ ಇಂಡಿಕಾಕ್ಕೆ ಟರ್ಬೊ ಕೂರಿಸಬಹುದಾ?

ಪ್ರಶ್ನೆ: ನನ್ನದು 2004ರ ಡೀಸೆಲ್ ಇಂಡಿಕಾ, ಟರ್ಬೊ ಇಲ್ಲದ್ದು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಇಟ್ಟರೆ ಚಡಾವಿನಲ್ಲಿ ಎರಡನೇ ಗೇರಿಗೆ ಇಳಿಯಲೇಬೇಕು. ಗುಜರಿಯಲ್ಲಿ ಒಳ್ಳೆ ಟರ್ಬೊ ಸಿಕ್ಕಿದೆ. ಹಾಕಿಸಲಾ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಬೇಡ ಮಾರಾಯ್ರೇ. ಕೂರಿಸಲು ಆಗುತ್ತದೆ, ಆದರೆ ಇಂಜಿನ್ ಉಳಿಯಬೇಕಲ್ವಾ?

ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುತ್ತದೆ. ಬರೀ ಗಾಳಿ ಜಾಸ್ತಿಯಾದರೆ ಎಳೆತ ಬರುವುದಿಲ್ಲ, ಪಂಪಿನಲ್ಲಿ ಡೀಸೆಲನ್ನೂ ಏರಿಸಬೇಕು. ಆಗ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಕ್ಲಚ್ ಎಲ್ಲದರ ಮೇಲೂ ಭಾರ. ಇದೇ 1405 ಸಿಸಿ ಅಳತೆಯಲ್ಲಿ ಕಂಪೆನಿಯ ಟರ್ಬೊ ಇಂಜಿನ್ ಬಂದಿದೆ, ನಿಜ. ಆದರೆ ಅದು ಟರ್ಬೊಗೆಂದೇ ಹೊಂದಿಸಿದ್ದು. ಇಪ್ಪತ್ತು ವರ್ಷ ಸವೆದ ಇಂಜಿನಿಗೆ ಹೊರಗಿನಿಂದ ಬೋಲ್ಟ್ ಹಾಕುವುದು ಬೇರೆ ಸಂಗತಿ.

ಹಿಂದೆ ನಾನೇ ಒಂದು ಜೀಪಿಗೆ ಹಾಕಿದ್ದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದನ್ನು ಕಾಯುವುದು ಇಂಜಿನ್ ಆಯಿಲ್. ಒಳಗೆ ಹೋಗುವಾಗ ಆಯಿಲಿಗೆ ಒತ್ತಡ ಇರುತ್ತದೆ, ಹಿಂದೆ ಬರುವಾಗ ಇಲ್ಲ. ಸುಮ್ನೆ ಕೆಳಗೆ ಇಳಿದು ಬರಬೇಕು. ನಾನು ಹಾಕಿದ ರಿಟರ್ನ್ ಹೋಸ್ ಮಧ್ಯದಲ್ಲಿ ಎರಡು ಅಂಗುಲ ತಗ್ಗಿತ್ತು. ಆಯಿಲ್ ಅಲ್ಲೇ ನಿಂತಿತು, ಸೀಲ್ ದಾಟಿ ಗಾಳಿಯ ದಾರಿಗೆ ಬಂತು. ಇಂಜಿನ್ ಅದನ್ನೇ ಕುಡಿದು ಓಡತೊಡಗಿತು. ಡೀಸೆಲ್ ಬಂದ್ ಮಾಡಿದರೂ ನಿಲ್ಲಲಿಲ್ಲ, ಸದ್ದು ಏರುತ್ತಲೇ ಹೋಯಿತು. ಅಂಗಳ ತುಂಬ ನೀಲಿ ಹೊಗೆ. ನಾಲ್ಕನೇ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟ ಮೇಲೆ ನಿಂತಿತು. ಆ ಮಾಲಿಕರಿಗೆ ಹೊಸ ಪಿಸ್ಟನ್ ಸೆಟ್ ನಾನೇ ಹಾಕಿ ಕೊಟ್ಟೆ.

ಕಾಗದದ ಕಷ್ಟವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪೆನಿಯ ವಿವರಕ್ಕೆ ಹೊಂದದ ಬದಲಾವಣೆಗೆ ಬಿಡುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ಅದನ್ನೇ ಹಿಡಿಯಬಹುದು.

ಮೊದಲು ಏರ್ ಫಿಲ್ಟರ್ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ನಮ್ಮ ಮುರಕಲ್ಲಿನ ಧೂಳು ಮಡಿಕೆಗಳ ಒಳಗೆ ಕೆಂಪಗೆ ಕೂತಿರುತ್ತದೆ. ಬೆಳಕು ದಾಟದಿದ್ದರೆ ಹೊಸದು ಹಾಕಿ. ಆಮೇಲೆ ಡೀಸೆಲ್ ಫಿಲ್ಟರ್. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಲ್ಕನ್ನೂ ಡೀಸೆಲ್ ಪಂಪ್ ರಿಪೇರಿಯವರಲ್ಲಿ ಟೆಸ್ಟ್ ಮಾಡಿಸಿ, ಪಂಪ್ ಟೈಮಿಂಗ್ ನೋಡಿಸಿ. ಗಾಡಿ ಜ್ಯಾಕಿಗೆ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ಕಂಪ್ರೆಶನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆಂದು ಅಳೆಯುವುದು. ನಾಲ್ಕು ಸಿಲಿಂಡರಿನ ಲೆಕ್ಕವನ್ನೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.

ಇಷ್ಟಾದ ಮೇಲೂ ತುಂಬಿದ ಗಾಡಿಗೆ ಚಡಾವಿನಲ್ಲಿ ಎರಡನೇ ಗೇರ್ ಬೇಕಾದರೆ ಹಾಕಿ. ಅದು ರೋಗ ಅಲ್ಲ.