ಓದುಗರ ಪ್ರಶ್ನೆ: ಹಳೇ ಸ್ಟೀಲ್ ಪೈಪ್ ಕುರ್ಚಿ ಕೊಳ್ಳುವ ಮುನ್ನ

ಪ್ರಶ್ನೆ: ಹಿಂಗಾಲಿಲ್ಲದ, ಬೆತ್ತ ಹೆಣೆದ ಸ್ಟೀಲ್ ಪೈಪ್ ಕುರ್ಚಿಯೊಂದು ಮಾರಾಟಕ್ಕಿದೆ. 1930ರ ಸುಮಾರಿನದು ಎನ್ನುತ್ತಾರೆ. ನಂಬಬಹುದೇ? ಅಲ್ಲಲ್ಲಿ ತುಕ್ಕು ಹಿಡಿದಿದೆ, ಹೊಸದಾಗಿ ಕ್ರೋಮ್ ಹಾಕಿಸಲೇ?

ಉತ್ತರ: ನೀವು ಹೇಳುವ ರೂಪ ಮಾರ್ಸೆಲ್ ಬ್ರಾಯರ್ 1928ರಲ್ಲಿ ವಿನ್ಯಾಸ ಮಾಡಿದ, ಥೋನೆಟ್ ಕಂಪನಿ ತಯಾರಿಸಿದ ಬಿ32 ಎಂಬ ಕುರ್ಚಿಯದು. 1960ರ ದಶಕದಲ್ಲಿ ಇಟಲಿಯ ಗಾವಿನಾ ಕಂಪನಿ ಅದನ್ನೇ ‘ಚೆಸ್ಕಾ’ ಎಂದು ಮತ್ತೆ ತಂದಿತು; 1968ರಲ್ಲಿ ಗಾವಿನಾ ನೋಲ್ ಕಂಪನಿಯ ಪಾಲಾಯಿತು. ನಕಲುಗಳಿಗಂತೂ ಲೆಕ್ಕವಿಲ್ಲ. ಹಾಗಾಗಿ ಆಕಾರ ನೋಡಿ ಕಾಲ ಹೇಳಲಾಗದು, ಕುರ್ಚಿಯನ್ನು ಮಗುಚಿ ನೋಡಬೇಕು.

ಮೊದಲು ಸ್ಕ್ರೂಗಳು. ತಲೆಯಲ್ಲಿ ಒಂದೇ ಗೀರು ಇರಬೇಕು. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದ ನಡುಭಾಗದ ನಂತರ. ಒಂದೆರಡನ್ನು ಯಾರೋ ಬದಲಿಸಿರಬಹುದು, ಎಲ್ಲವೂ ಪ್ಲಸ್ ಆಗಿದ್ದರೆ ಅನುಮಾನಿಸಿ. ಬೆತ್ತವನ್ನು ಮರದ ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ ಕೈಯಲ್ಲಿ ಹೆಣೆದಿದ್ದಾರೆಯೇ ನೋಡಿ. ಹೆಣೆದ ಹಾಳೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿನಲ್ಲಿ ಕೂರಿಸಿ ಪಟ್ಟಿ ಬಡಿದಿದ್ದರೆ ಈಚಿನ ಕೆಲಸ ಎನ್ನುವ ಸಂಭವವೇ ಹೆಚ್ಚು. ಲೇಪದ ಬಣ್ಣವೂ ಸುಳಿವು ಕೊಡುತ್ತದೆ: ಕ್ರೋಮ್‌ಗೂ ಮುಂಚೆ ಬಳಕೆಗೆ ಬಂದ ನಿಕಲ್‌ಗೆ ತುಸು ಹಳದಿ ಛಾಯೆ, ಕ್ರೋಮ್‌ಗೆ ನೀಲಿ ಛಾಯೆ.

ಕಾಲಕ್ಕಿಂತ ಮುಖ್ಯವಾದದ್ದು ಬಿರುಕು. ಹಿಂಗಾಲಿಲ್ಲದ ಕುರ್ಚಿಯಲ್ಲಿ ಕೂತವರ ಭಾರವೆಲ್ಲ ಮುಂದಿನ ಬಾಗುಗಳ ಮೇಲೆ ಬೀಳುತ್ತದೆ. ನೆಲದ ಹತ್ತಿರದ ಬಾಗು ಮತ್ತು ಆಸನ ಕೂರಿಸುವ ಸ್ಕ್ರೂ ತೂತುಗಳ ಸುತ್ತ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ, ಅದರಿಂದ ಇಳಿದ ತುಕ್ಕಿನ ಕಲೆ ಕಂಡರೆ ಕೂರಲು ಕೊಳ್ಳಬೇಡಿ. ಅಲ್ಲಿ ವೆಲ್ಡ್ ಮಾಡಿಸಿದರೂ ಪಕ್ಕದ ಉಕ್ಕು ಕಾವಿಗೆ ಗುಣ ಕಳೆದುಕೊಂಡು ಮತ್ತೆ ಬಿರುಕು ಬಿಡುತ್ತದೆ. ಪೈಪಿನ ತುದಿಯ ಮುಚ್ಚಳ ಬಿದ್ದುಹೋಗಿದ್ದರೆ ಕುರ್ಚಿಯನ್ನು ಅಲುಗಾಡಿಸಿ; ಕೆಂಪು ಪುಡಿ ಉದುರಿದರೆ ತುಕ್ಕು ಒಳಗಿನಿಂದಲೇ ತಿನ್ನುತ್ತಿದೆ.

ಕ್ರೋಮ್ ಹಾಕಿಸುವುದು ಬೇಡ. ಹಳೆಯ ಲೇಪ ಕಿತ್ತು ಪೈಪನ್ನು ಉಜ್ಜಿ ನುಣುಪು ಮಾಡುವಾಗ ಮೂಲ ಮೈಯೇ ಹೋಗುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಆ ಮೈಗೇ. ಚುಕ್ಕೆ ತುಕ್ಕಾದರೆ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಅದು ಕ್ರೋಮ್‌ಗಿಂತ ಮೆದು, ಗೀರುವುದಿಲ್ಲ. ಒರೆಸಿ ಪೂರ್ತಿ ಒಣಗಿಸಿ ತೆಳುವಾಗಿ ಮೇಣ ಹಚ್ಚಿ. ಲೇಪ ಎದ್ದಿರುವ ಕಡೆ ಮುಟ್ಟಬೇಡಿ, ಹಾಳೆಯಾಗಿ ಕಳಚಿ ಬರುತ್ತದೆ. ನಿಕಲ್ ಲೇಪ ಕ್ರೋಮ್‌ಗಿಂತ ಮೆದು: ಫಾಯಿಲ್ ಬೇಡ, ಮೆತ್ತನೆ ಬಟ್ಟೆ ಸಾಕು.

ಪ್ರಶ್ನೆ: ಬೆತ್ತದ ಆಸನ ಜೋತುಬಿದ್ದಿದೆ. ಬಿಗಿ ಮಾಡಬಹುದೇ?

ಉತ್ತರ: ಎಳೆ ಹರಿದಿರದಿದ್ದರೆ ಆಗುತ್ತದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಅಡಿಭಾಗಕ್ಕೆ ಅರ್ಧ ಗಂಟೆ ಒತ್ತಿಡಿ. ಮೇಲ್ಭಾಗದ ಹೊಳಪಿನ ಸಿಪ್ಪೆ ನೀರು ಹೀರುವುದಿಲ್ಲ. ಆಮೇಲೆ ನೆರಳಲ್ಲಿ ಒಂದು ದಿನ ಒಣಗಲಿ, ಅಲ್ಲಿಯವರೆಗೆ ಯಾರೂ ಕೂರಬಾರದು.